ಗಾಂಧಾರಿ ಎಂಬ ಹೆಸರಿನ ಗಾನಮುದ್ರಿಕೆ



ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ಸತ್ತಿಗೆ ಬಂದಿದ್ದ. ಇಂಜಿನಿಯರ್ ಆಗಿ ದುಡಿಯುತ್ತಿರುವವನು. ಹಿಂದೂಸ್ತಾನಿ ಸಂಗೀತದ ಹುಚ್ಚು ಈಚೆಗೆ ಹತ್ತಿದೆ. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆ ಹಾಕುವಾಗ ಕೇಳಿದ: "ಗುರುಗಳ, ಗಂಗೂಬಾಯಿ ಹಾನಗಲ್ಲರು ಸಣ್ಣ ವಯಸ್ಸಿನಾಗ ಹಾಡಿದ್ದು ನೀವು ಕೇಳೀರೇನು?" ನಾನು ಯೋಚಿಸದೆ ಉತ್ತರ ಕೊಟ್ಟೆ: "ಕೇಳೀನಿ. ಅದರಾಗ ಅಂಥಾದ್ದೇನೂ ಇಲ್ಲ. ಅವರ ಖರೇ ಗಾಯನ ಮುಂದಿನದು."

ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಆಧಾರವಿಲ್ಲದೆ ತೀರ್ಪು ಕೊಡಬಾರದೆಂದು ನಿಮಗೆಲ್ಲ ಬೆತ್ತ ತೋರಿಸಿ ಹೇಳಿದವನು. ಆದರೆ ಆ ಉತ್ತರ ನನ್ನದಾಗಿರಲಿಲ್ಲ. ಅರವತ್ತು ವರ್ಷಗಳ ಹಿಂದೆ ಹಿರಿಯರ ಬಾಯಿಂದ ಕೇಳಿ, ಮರುಪರಿಶೀಲಿಸದೆ ಇಟ್ಟುಕೊಂಡದ್ದಾಗಿತ್ತು. ಆ ತೀರ್ಪನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ. ಅದಕ್ಕಾಗಿಯೇ ಈ ಬರಹ.

ಸತ್ತಿಯಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಒಂದು ಗ್ರಾಮಫೋನು ಇತ್ತು. ಮಿರಜಿನಿಂದ ಕಾಗವಾಡ, ಅಥಣಿಯ ಹಾದಿಯಾಗಿ ತಂದದ್ದು. ನಮ್ಮ ಸೀಮೆಯ ಜನರಿಗೆ ಮಿರಜವೆಂದರೆ ಆಸ್ಪತ್ರೆ, ರೈಲು ಮತ್ತು ಸಂಗೀತ. ಅಲ್ಲಿಯ ತಂಬೂರಿ, ಸಿತಾರುಗಳು ಇಡೀ ದೇಶಕ್ಕೆ ಹೋಗುತ್ತವೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ಅಲ್ಲಿಯೇ ನೆಲೆಸಿ, 1937ರಲ್ಲಿ ತೀರಿಕೊಂಡ ಮೇಲೆ ಅಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿಯೇ ಮಣ್ಣಾದವರು. ಮಾವನ ಪೆಟ್ಟಿಗೆಯಲ್ಲಿ ಇಪ್ಪತ್ತು ಇಪ್ಪತ್ತೈದು ಪ್ಲೇಟುಗಳಿದ್ದವು. ಬಾಲಗಂಧರ್ವರ ನಾಟ್ಯಗೀತೆಗಳು, ಕರೀಮ್ ಖಾನರ ಎರಡು, ಅವರ ಮಗಳು ಹೀರಾಬಾಯಿ ಬಡೋದೇಕರರ ಮೂರೋ ನಾಲ್ಕೋ, ನಮ್ಮ ಬೀಳಗಿಯ ಅಮೀರಬಾಯಿಯದೊಂದು. ಇವುಗಳ ನಡುವೆ ಮೇಲ್ಕಾಗದ ಅರ್ಧ ಹರಿದ ಒಂದು ಪ್ಲೇಟು. ಅದರ ಮೇಲೆ ಉಳಿದದ್ದು ನಾಯಿ ಮತ್ತು ತುತ್ತೂರಿಯ ಚಿತ್ರ, ಹಾಗೂ 'ಗಾಂಧಾರಿ' ಎಂಬ ಹೆಸರು.

"ಇದು ನಮ್ಮ ಹುಬ್ಬಳ್ಳಿ ಗಂಗೂಬಾಯೀದು" ಎಂದು ಮಾವ ಹೇಳುತ್ತಿದ್ದರು. ನಾವು ಹುಡುಗರು ನಂಬುತ್ತಿರಲಿಲ್ಲ. ಆಗ ಗಂಗೂಬಾಯಿಯವರೆಂದರೆ ನಮಗೆ ಧಾರವಾಡ ಆಕಾಶವಾಣಿಯಲ್ಲಿ ಕೇಳುವ ದನಿ. 1950ರ ಜನವರಿಯಲ್ಲಿ ಆರಂಭವಾದ ಆ ಕೇಂದ್ರ ನಮ್ಮ ಊರುಗಳಿಗೆ ಸಂಗೀತವನ್ನು ತಂದು ಸುರಿಯಿತು. ಅವರ ದನಿ ಕೇಳಿದವರು ಹೆಸರು ಹೇಳುವ ಮೊದಲು ಗಂಡಸಿನದೆಂದೇ ತಿಳಿಯುತ್ತಿದ್ದರು. ಆಳವಾದ, ಗಟ್ಟಿಯಾದ, ಕರಿಕಲ್ಲಿನಂಥ ದನಿ. ಈ ಪ್ಲೇಟಿನಲ್ಲಿಯೋ, ಎತ್ತರದ ಶ್ರುತಿಯಲ್ಲಿ ತೆಳ್ಳಗೆ ಹರಿಯುವ ಹುಡುಗಿಯ ದನಿ. ಹಗ್ಗ ಕೇಳಿದವರಿಗೆ ನೂಲೆಳೆ ಕೊಟ್ಟಂತೆ ನಮಗನಿಸಿತ್ತು. ಮನೆಯಲ್ಲಿ ಸಂಗೀತ ತಿಳಿದವರೆಂದು ಹೆಸರಾದ ಹಿರಿಯರೊಬ್ಬರು "ಇದು ಇನ್ನೂ ಕಾಯಿ, ಹಣ್ಣಾಗಿಲ್ಲ" ಎಂದು ಮುಗಿಸಿಬಿಟ್ಟರು. ಅಂದಿನಿಂದ ಆ ಪ್ಲೇಟಿಗೆ ಒಂದೇ ಕೆಲಸ. ಹೊಸ ಉಕ್ಕಿನ ಸೂಜಿಗಳ ಡಬ್ಬಿ ಬಂದಾಗ ಸೂಜಿ ನೆಟ್ಟಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಮೊದಲು ಅದನ್ನು ಹಚ್ಚುವುದು. ಬೇರೆ ಪ್ಲೇಟು ಕೆಡಬಾರದಲ್ಲ! ಹೀಗೆ ಅದಕ್ಕೆ 'ಸೂಜಿ ಪ್ಲೇಟು' ಎಂಬ ಹೆಸರೇ ಬಿತ್ತು.

ಈಗ ಆ ಹುಡುಗಿ ಯಾರು, ಆ ಪ್ಲೇಟಿಗೆ ಹಾಡುವ ಹೊತ್ತಿಗೆ ಅವಳು ಎಲ್ಲಿಂದ ಎಲ್ಲಿಗೆ ಬಂದಿದ್ದಳು ಎಂಬುದನ್ನು ನೋಡೋಣ.

ಗಂಗೂಬಾಯಿಯವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ತಂದೆ ಚಿಕ್ಕೂರಾವ್ ನಾಡಿಗೇರ. ಅಂಬಾಬಾಯಿಯವರ ಹಾಡು ಕೇಳಲು ಅಬ್ದುಲ್ ಕರೀಮ್ ಖಾನರೇ ಅವರ ಮನೆಗೆ ಬರುತ್ತಿದ್ದರಂತೆ. ಖಾನಸಾಹೇಬರಿಗೆ ದಕ್ಷಿಣಾದಿ ಸಂಗೀತದಲ್ಲಿ ಅಪಾರ ಕುತೂಹಲ. ಮೈಸೂರಿನ ಆಸ್ಥಾನದಲ್ಲಿ ಅದನ್ನು ಕೇಳಿ ಕಲಿತು, ಮುಂದೆ ತ್ಯಾಗರಾಜರ ಕೃತಿಯೊಂದನ್ನು ಪ್ಲೇಟಿಗೂ ಹಾಡಿದವರು. ಪುಟ್ಟ ಗಂಗೂಬಾಯಿಯ ಕಂಠವನ್ನು ಪರೀಕ್ಷಿಸಿ, ಚೆನ್ನಾಗಿ ಉಣ್ಣು, ಚೆನ್ನಾಗಿ ಹಾಡು ಎಂದು ಹರಸಿದರೆಂದು ಅವರೇ ಮುಂದೆ ನೆನೆಯುತ್ತಿದ್ದರು. ಬೀದಿಯಲ್ಲಿ ಗ್ರಾಮಫೋನು ಕೇಳಿಸಿದರೆ ಮನೆಬಿಟ್ಟು ಓಡುತ್ತಿದ್ದ ಹುಡುಗಿ ಅದು. ಅಂದರೆ ತಾನು ಪ್ಲೇಟಿಗೆ ಹಾಡುವ ಮುಂಚೆ ಪ್ಲೇಟಿನಿಂದಲೇ ಹಾಡು ಹೀರಿಕೊಂಡವಳು.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ ಅದೆಂಬುದು ನನ್ನ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿರಬೇಕು. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದರು. ಅಂದು ಅವರ ಮನಸ್ಸಿನಲ್ಲಿದ್ದ ಭಯ ಹಾಡಿನದಲ್ಲ. ತಾವು ಕೆಳಜಾತಿಯವರೆಂದು ಊಟವಾದ ಮೇಲೆ ಎಲೆ ಎತ್ತಲು ಹೇಳುವರೋ ಏನೋ ಎಂಬ ಭಯ. ಇದನ್ನು ಅವರು ವೃದ್ಧಾಪ್ಯದಲ್ಲಿಯೂ ಮರೆತಿರಲಿಲ್ಲ. ಮಾತಿಗೆ ಬಂದಾಗ ಹೇಳುತ್ತಿದ್ದರು.

1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. ಮಗಳಿಗೆ ಹಿಂದೂಸ್ತಾನಿ ಸಂಗೀತದ ಪಾಠ ದೊರೆಯಲೆಂಬುದೇ ಕಾರಣ. ಮೊದಲು ಕೃಷ್ಣಾಚಾರ್ಯ ಹುಲಗೂರರಲ್ಲಿ, ಬಳಿಕ ದತ್ತೋಪಂತ ದೇಸಾಯಿಯವರಲ್ಲಿ ಪಾಠವಾಯಿತು. ಮಗಳ ಹೊಸ ವಿದ್ಯೆಗೆ ತನ್ನ ಕರ್ನಾಟಕ ಶೈಲಿ ಬೆರೆಯಬಾರದೆಂದು ಅಂಬಾಬಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಈ ಸಂಗತಿಯನ್ನು ಎಲ್ಲರೂ ತಾಯಿಯ ತ್ಯಾಗವೆಂದು ಹೊಗಳುತ್ತಾರೆ. ಹೊಗಳಬೇಕಾದದ್ದೇ. ಆದರೆ ಅಷ್ಟು ದೊಡ್ಡ ಗಾಯಕಿ ಹೀಗೆ ಸದ್ದಿಲ್ಲದೆ ಮುಗಿದುಹೋದಳಲ್ಲ, ಅವಳ ಹಾಡು ಎಲ್ಲಿ ಉಳಿಯಿತು ಎಂದು ಕೇಳಿದವರು ಕಡಿಮೆ. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಎಚ್.ಎಂ.ವಿ. ಕಂಪನಿ ಈ ಹತ್ತೊಂಬತ್ತರ ತರುಣಿಯ ಹಾಡುಗಳನ್ನು ಮುದ್ರಿಸಿಕೊಳ್ಳಲು ತೊಡಗಿತು. ಹೊರಬಂದ ಮುದ್ರಿಕೆಗಳ ಮೇಲೆ 'ಗಾಂಧಾರಿ' ಎಂಬ ಹೆಸರಿತ್ತು. ಹಾನಗಲ್ ಎಂಬ ಹೆಸರು ಜನಮನದಲ್ಲಿ ನೆಲೆಯೂರಿದ್ದು ಮುಂದೆ. ಹೀಗಾಗಿ ಹೆಸರು ಬೇರೆ, ದನಿ ಬೇರೆ. ಆ ಪ್ಲೇಟುಗಳನ್ನು ಮುಂದಿನ ಗಂಗೂಬಾಯಿಯವರಿಗೆ ಜೋಡಿಸುವ ಕೊಂಡಿಯೇ ಕೇಳುಗರಿಗೆ ಉಳಿಯಲಿಲ್ಲ.

ಎಳೆಯರಿಗೆ ಈ ಪ್ಲೇಟುಗಳ ಕಲ್ಪನೆ ಇರಲಾರದು. ಹತ್ತು ಅಂಗುಲ ಅಗಲದ, ಅರಗು ಬೆರೆಸಿ ಮಾಡಿದ ಕರಿಯ ತಟ್ಟೆ. ಕೈಜಾರಿದರೆ ಹಪ್ಪಳದಂತೆ ಒಡೆಯುವುದು. ನಿಮಿಷಕ್ಕೆ 78 ಸುತ್ತು. ಒಂದು ಬದಿಗೆ ಸುಮಾರು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರು ತುತ್ತೂರಿಯ ಬಾಯಿಗೆ ಮುಖವಿಟ್ಟು ಕೂಗಿ ಹಾಡಿದ ಕಾಲ ಕಳೆದು, ಗಂಗೂಬಾಯಿಯವರ ವೇಳೆಗೆ ವಿದ್ಯುತ್ ಮೈಕು ಬಂದಿತ್ತು. ಆದರೆ ಮೂರು ನಿಮಿಷದ ಬೇಲಿ ಹಾಗೆಯೇ ಇತ್ತು. ದೊಡ್ಡ ದೊಡ್ಡ ಉಸ್ತಾದರು ಈ ಬೇಲಿಗೆ ಸಿಟ್ಟಾಗಿ ಮುದ್ರಣಕ್ಕೇ ಬರುತ್ತಿರಲಿಲ್ಲ. ಬಂದವರಲ್ಲಿಯೂ ಹಲವರು ದೊಡ್ಡ ಹಾಡನ್ನು ಕತ್ತರಿಸಿ ಒಳಗೆ ತುರುಕಿದರು.

ಆ ಮೇಲಿನ ಕಥೆ ನಿಮಗೆ ಗೊತ್ತಿರುವಂಥದ್ದು. ಸವಾಯಿ ಗಂಧರ್ವರು ನಾಟಕ ಕಂಪನಿಗಳ ಅಲೆದಾಟ ಬಿಟ್ಟು ಕುಂದಗೋಳಕ್ಕೆ ಬಂದು ನೆಲೆಸಿದ ಮೇಲೆ, 1938ರ ಸುಮಾರಿನಿಂದ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಅವರಲ್ಲಿ ಕಲಿತರು. ಭೀಮಸೇನ ಜೋಶಿಯವರು ಅದೇ ಗುರುವಿನ ಮನೆಯಲ್ಲಿದ್ದ ಕಾಲ. ಒಂದೊಂದು ಪಲುಕನ್ನು ದಿನಗಟ್ಟಲೆ ತಿದ್ದಿಸಿ ತೀಡಿಸುವ ಕಠಿಣ ಪಾಠ. 1940ರ ದಶಕದಲ್ಲಿ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾದ ತರುವಾಯ ಅವರ ಕಂಠವೇ ಬದಲಾಯಿತು. ಹೆಣ್ಣಿನ ಎತ್ತರದ ದನಿ ಹೋಗಿ ಗಂಡಿನ ಮಂದ್ರ ಬಂತು. ಬೇರೆಯವರಾಗಿದ್ದರೆ ತಂಬೂರಿ ಮೂಲೆಗಿಡುತ್ತಿದ್ದರು. ಅವರು ಆ ಹೊಸ ಕಂಠಕ್ಕೆ ತಕ್ಕಂತೆ ಗಾಯನವನ್ನೇ ಹೊಸದಾಗಿ ಕಟ್ಟಿಕೊಂಡರು. ಭೈರವ, ಆಸಾವರಿ, ತೋಡಿ, ಭೀಮಪಲಾಸ, ಪೂರಿಯಾ, ಮಾರ್ವಾ, ಕೇದಾರ, ಚಂದ್ರಕೌಂಸ ಎಂದರೆ ಗಂಗೂಬಾಯಿಯವರೇ ಎಂಬಂತಾಯಿತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. 2006ರವರೆಗೆ ಹಾಡಿ, 2009ರ ಜುಲೈ 21ರಂದು ತೊಂಬತ್ತಾರನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ನಿಧನರಾದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯಂದು ನೆಲದ ಮೇಲೆ ಕುಳಿತು ಅವರನ್ನು ಕೇಳಿದ ರಾತ್ರಿ ನನ್ನ ಬದುಕಿನ ಸಂಪತ್ತುಗಳಲ್ಲೊಂದು. ಆ ಗಾಯನದ ಹಿರಿಮೆಯನ್ನು ಇಲ್ಲಿ ಕೂದಲೆಳೆಯಷ್ಟೂ ಕಡಿಮೆ ಮಾಡುತ್ತಿಲ್ಲ.

ಆದರೆ ಆ ಹಿರಿಮೆಯೇ ಹಿಂದಿನದನ್ನು ಮುಚ್ಚಿತು. ನಂತರದ ದನಿ ಅಳತೆಗೋಲಾಯಿತು. ಅದರಿಂದ ಅಳೆದಾಗ ಮೊದಲಿನ ಮುದ್ರಿಕೆಗಳು ಕುಳ್ಳಾಗಿ ಕಂಡವು. 'ಗುರು ಸಿಗುವ ಮೊದಲು', 'ದನಿ ಮಾಗುವ ಮೊದಲು' ಎಂಬ ಮಾತುಗಳಿಂದ ಅವುಗಳನ್ನು ಒಂದು ಮುನ್ನುಡಿಯ ಸ್ಥಾನಕ್ಕೆ ಇಳಿಸಿದರು. ಮುನ್ನುಡಿಯನ್ನು ಯಾರು ಓದುತ್ತಾರೆ?

ನನ್ನ ವಿದ್ಯಾರ್ಥಿ ಸುಮ್ಮನೆ ಹೋಗುವ ಪೈಕಿ ಅಲ್ಲ. ಶಾಲೆಯಲ್ಲಿಯೂ ಅವನು ಹಾಗೆಯೇ. ಮರುದಿನ ನನ್ನನ್ನು ಕರೆದುಕೊಂಡು ಮಾವನ ಮನೆಗೆ ಬಂದ. ಈಗ ಅಲ್ಲಿ ಮಾವನ ಮೊಮ್ಮಕ್ಕಳಿದ್ದಾರೆ. ಗ್ರಾಮಫೋನು ಅಟ್ಟದ ಮೇಲಿತ್ತು; ಸ್ಪ್ರಿಂಗು ಇನ್ನೂ ಜೀವಂತ, ವೇಗ ತಿದ್ದುವ ತಿರುಪು ಮಾತ್ರ ತುಕ್ಕು ಹಿಡಿದು ಕುಳಿತಲ್ಲಿಯೇ ಕುಳಿತಿತ್ತು. ನನಗೆ ನೆನಪಿರುವಷ್ಟು ಕಾಲದಿಂದ ಅದು ತಿರುಗಿದ್ದೇ ಇಲ್ಲ. ಹುಡುಗ ಪ್ಲೇಟಿನ ಅಂಚಿಗೆ ಸೀಮೆಸುಣ್ಣದ ಒಂದು ಗುರುತು ಹಾಕಿ, ಕೀಲಿ ಕೊಟ್ಟು, ಕೈಗಡಿಯಾರ ನನ್ನ ಕೈಗಿತ್ತು, "ಗುರುಗಳ, ಒಂದು ಮಿನಿಟು ಹೇಳ್ರಿ" ಎಂದ. ಅವನು ಸುತ್ತು ಎಣಿಸಿದ. ಎಂಬತ್ತಮೂರು. ಮತ್ತೆ ಎಣಿಸಿದೆವು. ಎಂಬತ್ತಮೂರೇ.

ಲೆಕ್ಕ ಸರಳವಾದದ್ದು. ಒಂದು ಸ್ವರದಿಂದ ಮುಂದಿನ ಅರೆಸ್ವರಕ್ಕೆ, ಅಂದರೆ ಹಾರ್ಮೋನಿಯಮ್ಮಿನ ಒಂದು ಮನೆಯಿಂದ ಪಕ್ಕದ ಮನೆಗೆ, ಕಂಪನದ ಸಂಖ್ಯೆ ಶೇಕಡಾ ಆರರಷ್ಟು ಏರುತ್ತದೆ. ಎಪ್ಪತ್ತೆಂಟರ ಮೇಲೆ ಶೇಕಡಾ ಆರು ಏರಿದರೆ ಎಂಬತ್ತೆರಡೂವರೆ ದಾಟುತ್ತದೆ. ಅಂದರೆ ನಮ್ಮ ಮನೆಯ ಯಂತ್ರ ಪ್ರತಿಯೊಬ್ಬ ಗಾಯಕರನ್ನೂ ಒಂದು ಮನೆ ಮೇಲಕ್ಕೆ ಏರಿಸಿ, ಅವಸರದಿಂದ ಓಡಿಸುತ್ತಿತ್ತು. ಭಾರದ ದನಿಗೆ ಇದರಿಂದ ಹೆಚ್ಚಿನ ಹಾನಿ ತೋರುವುದಿಲ್ಲ. ಮೊದಲೇ ಎತ್ತರವಾದ ದನಿ ಕೀರಲಾಗುತ್ತದೆ. ಸಾಲದ್ದಕ್ಕೆ ಹಳೆಯ ಗ್ರಾಮಫೋನಿನ ಶಬ್ದಪೆಟ್ಟಿಗೆ ಮಂದ್ರದ ನಾದವನ್ನು ಸರಿಯಾಗಿ ಹೊರಡಿಸಲಾರದು. ತಂಬೂರಿಯ ಗುಂಗು, ಎದೆಯಿಂದ ಬರುವ ನಾದ, ಎರಡೂ ನುಂಗಿಹೋಗುತ್ತವೆ. ಸೂಜಿ ಪರೀಕ್ಷೆಯಿಂದ ಸವೆದ ಗೀರುಗಳ ಮಾತು ಬೇರೆಯೇ. ನಮ್ಮ ಮನೆಯ ಸಂಗೀತಪಂಡಿತರು 'ಕಾಯಿ' ಎಂದದ್ದರಲ್ಲಿ ಎಷ್ಟು ಪಾಲು ಹಾಡುಗಾರ್ತಿಯದು, ಎಷ್ಟು ಪಾಲು ತುಕ್ಕು ಹಿಡಿದ ತಿರುಪಿನದು? ನಾನು ಅರವತ್ತು ವರ್ಷ ಹೊತ್ತುಕೊಂಡು ಬಂದ ತೀರ್ಪು ಒಂದು ತಿರುಪಿನ ಮೇಲೆ ನಿಂತಿತ್ತೆಂದರೆ ನಗಬೇಕೋ ಅಳಬೇಕೋ.

ಹುಡುಗ ಪುಣೆಗೆ ಒಯ್ದು, ಪ್ಲೇಟನ್ನು ತೊಳೆದು, ಸರಿಯಾದ ವೇಗದಲ್ಲಿ ಹೊಸ ಯಂತ್ರದ ಮೇಲೆ ಓಡಿಸಿ, ನಕಲು ಮಾಡಿಕೊಂಡು ಬಂದ. ಜೊತೆಗೆ ಸಂಗ್ರಾಹಕರ ಬಳಿ ಇದ್ದ ಅದೇ ಕಾಲದ ಇನ್ನೂ ಹಲವು ಮುದ್ರಿಕೆಗಳ ನಕಲುಗಳನ್ನೂ ತಂದಿದ್ದ. ಇಂಥ ಪ್ಲೇಟುಗಳನ್ನು ಹುಡುಕಿ ಉಳಿಸುವ ಒಂದು ಬಳಗವೇ ಇದೆ. ಮುಂಬಯಿಯಲ್ಲಿ 1990ರಲ್ಲಿ 'ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್' ಎಂಬ ಸಂಸ್ಥೆ ಹುಟ್ಟಿ, 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆಯನ್ನೂ ತಂದಿತು. ಚೋರಬಜಾರಿನಲ್ಲಿ ತೂಕಕ್ಕೆ ಮಾರುತ್ತಿದ್ದ ಪ್ಲೇಟುಗಳಿಗೆ ಹೆಸರು, ವರ್ಷ, ವಂಶಾವಳಿ ಹಚ್ಚಿದವರು ಇಂಥ ಹವ್ಯಾಸಿಗಳೇ. ವಿಶ್ವವಿದ್ಯಾಲಯಗಳು ಮಾಡಬೇಕಾಗಿದ್ದ ಕೆಲಸ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಮೂರು ಸಂಜೆ ಕೇಳಿದೆವು. ನಾನು, ಆ ಹುಡುಗ, ಅಥಣಿಯಿಂದ ಬಂದ ಸಂಗೀತ ಶಿಕ್ಷಕರೊಬ್ಬರು, ಮತ್ತೆ ನಮ್ಮ ಬಂಧುಗಳಲ್ಲಿ ನಾಲ್ಕೈದು ಜನ.

ಮೊದಲು ಹೊಳೆದದ್ದು, ಆ ದನಿ ತೆಳುವಲ್ಲ. ಎತ್ತರದ್ದು, ಹೌದು. ಆದರೆ ಅಂಚು ಹರಿತವಾದ, ನಡುವೆ ಗಟ್ಟಿಯಾದ ದನಿ. ಷಡ್ಜವನ್ನು ಹುಡುಕುವುದಿಲ್ಲ, ನೇರವಾಗಿ ಬಂದು ಅದರ ಮೇಲೆ ನಿಲ್ಲುತ್ತದೆ. ತಾನುಗಳು ಪುಟ್ಟ ಪುಟ್ಟ ಗುಂಪಾಗಿ ಬರುತ್ತವೆ, ಒಂದೊಂದು ಸ್ವರವೂ ಜೋಳದ ಕಾಳಿನಂತೆ ಬಿಡಿಬಿಡಿ. ಮುಂದಿನ ಗಂಗೂಬಾಯಿಯವರಲ್ಲಿ ಇಂಥ ಚುರುಕು ನಮಗೆ ಸಿಗುವುದಿಲ್ಲ. ಅವರು ಅದನ್ನು ಬಯಸಿದವರೂ ಅಲ್ಲ.

ಎರಡನೆಯದು ಕಾಲದ ಲೆಕ್ಕ. ನಮ್ಮ ಸೂಜಿ ಪ್ಲೇಟಿನ ಒಂದು ಬದಿಗೆ ಚುರುಕು ಲಯದ ಚೀಜೊಂದಿದೆ. ಹುಡುಗ ಗಡಿಯಾರ ಹಿಡಿದು ನೋಡಿದ: ಅರ್ಧ ನಿಮಿಷದಲ್ಲಿ ಸ್ಥಾಯಿ ಕುಳಿತಿತು, ಒಂದು ನಿಮಿಷ ದಾಟುವಷ್ಟರಲ್ಲಿ ಅಂತರಾ ತಾರಷಡ್ಜ ಮುಟ್ಟಿತು, ಉಳಿದದ್ದು ಸ್ಥಾಯಿಯ ಮುಖಕ್ಕೆ ಮರಳಿ ಮರಳಿ ಬರುವ ಆಟ. ಕೊನೆಯ ಸಮ್ಮಿಗೆ ಬಂದು ನಿಂತಾಗ ಅವಸರವಿಲ್ಲ, ಏನೋ ಉಳಿಯಿತೆಂಬ ಭಾವವಿಲ್ಲ. ಕುಂದಗೋಳದಲ್ಲಿ ಕೇಳಿದ ಗಂಗೂಬಾಯಿಯವರು ವಿಲಂಬಿತದಲ್ಲಿ ತಾರಷಡ್ಜಕ್ಕೆ ಬರಲು ಅರ್ಧ ತಾಸು ತೆಗೆದುಕೊಂಡಿದ್ದರು. ಅದು ಬೇರೆ ಕಲೆ. ಸರ್ವಜ್ಞನ ತ್ರಿಪದಿಯನ್ನು ಮಹಾಕಾವ್ಯದ ಹರಿದ ಹಾಳೆಯೆಂದು ಯಾರೂ ಓದುವುದಿಲ್ಲ. ಆದರೆ ಮೂರು ನಿಮಿಷದ ಹಾಡನ್ನು ನಾವು ಮೂರು ತಾಸಿನ ಕಚೇರಿಯ ತುಣುಕೆಂದೇ ಕೇಳುತ್ತ ಬಂದೆವು. ಈ ತರುಣಿ ಬೇಲಿಗೆ ಸಿಟ್ಟಾಗಲಿಲ್ಲ. ಬೇಲಿಯೊಳಗಿನ ಅಷ್ಟೇ ನೆಲದಲ್ಲಿ ಪೂರ್ತಿ ಬೆಳೆ ತೆಗೆದಳು. ಗ್ರಾಮಫೋನಿನ ಹಿಂದೆ ಓಡಿದ ಬಾಲ್ಯ ಕಲಿಸಿದ್ದು ಇದನ್ನೇ ಇರಬೇಕು.

ಮೂರನೆಯ ಮಾತಿನಲ್ಲಿ ನಮ್ಮಲ್ಲಿ ಒಮ್ಮತ ಬರಲಿಲ್ಲ. ಪ್ಲೇಟಿನ ಇನ್ನೊಂದು ಬದಿ ಠುಮರಿಯ ಜಾತಿಯದು. ಅಲ್ಲಿ ಅವರೋಹದಲ್ಲಿ ಇಳಿಯುವಾಗ ಸ್ವರವನ್ನು ಹಿಡಿದು ಅಲುಗಿಸುವ ರೀತಿಯೊಂದಿದೆ, ಮೀಂಡಲ್ಲ, ಗಮಕಕ್ಕೆ ಹತ್ತಿರದ್ದು. ನನಗೆ ಅಲ್ಲಿ ಅಂಬಾಬಾಯಿ ಕೇಳಿಸಿದರು. ಸಂಗೀತ ಶಿಕ್ಷಕರು ಒಪ್ಪಲಿಲ್ಲ. "ಗುರುಗಳ, ಆ ಕಾಲದ ನಾಟಕದ ಪದಗಳಾಗೂ ಹಿಂಗ ಅಲುಗಸ್ತಿದ್ರು, ಎಲ್ಲಾನೂ ತಾಯಿ ಮೇಲೆ ಹಾಕಬ್ಯಾಡ್ರಿ" ಎಂದರು. ಅವರು ನನಗಿಂತ ಹೆಚ್ಚು ಬಲ್ಲವರು. ಆದರೂ ನನ್ನ ಕಿವಿ ಹಟ ಬಿಡುತ್ತಿಲ್ಲ. ಕರ್ನಾಟಕ ಸಂಗೀತ ಹಾಡುವ ತಾಯಿಯ ಮಗ್ಗುಲಲ್ಲಿ ಹದಿನೈದು ವರ್ಷ ಮಲಗಿ ಎದ್ದ ಮಗು ಅದು. ತಾಯಿ ಹಾಡು ನಿಲ್ಲಿಸಿದರೆ ಕಿವಿ ಮರೆಯುತ್ತದೆಯೇ? ಕುಂದಗೋಳದ ಪಾಠದ ಮುಂದೆ ಅದು ಅಳಿಸಿಹೋಗಿರಬಹುದು. 1932ರ ಹೊತ್ತಿಗೆ ಅದು ಇನ್ನೂ ಇತ್ತು. ನಾನು ಹೇಳುವುದಿಷ್ಟೇ: ಈ ಮುದ್ರಿಕೆಗಳು ಮುಂದಿನ ಗಂಗೂಬಾಯಿಯವರ ಕರಡುಪ್ರತಿಯಲ್ಲ. ಇಲ್ಲಿ ಹಾಡುತ್ತಿರುವವಳು ಬೇರೊಬ್ಬ ಗಾಯಕಿ. ಅವಳ ಕೆಲಸ ಅಲ್ಲಿಗೇ ಪೂರ್ಣವಾಗಿದೆ.

ಇನ್ನೊಂದು ಕಠಿಣವಾದ ಮಾತು ಹೇಳಬೇಕಾಗಿದೆ. ಆ ಕಾಲದಲ್ಲಿ ಗಂಗೂಬಾಯಿಯವರು ಖಯಾಲ ಮಾತ್ರವಲ್ಲ, ಭಜನೆ, ಠುಮರಿಗಳನ್ನು ಹಾಡುತ್ತಿದ್ದರು. ವಕೀಲಿ ಓದಿದ್ದರೂ ಗಾಯಕರಾಗಿ, ಮುಂದೆ ಎಚ್.ಎಂ.ವಿ.ಯ ಅಧಿಕಾರಿಯಾಗಿ ಹೆಸರಾದ ಜಿ. ಎನ್. ಜೋಶಿಯವರೊಡನೆ ಮರಾಠಿ ಭಾವಗೀತೆಗಳನ್ನೂ ಹಾಡಿದ್ದರು. ನಮ್ಮ ಗಡಿಸೀಮೆಯ ಮನೆಗಳಲ್ಲಿ ಇವು ಕೇಳದ ಹಾಡುಗಳಲ್ಲ. 1945ರ ಸುಮಾರಿಗೆ ಇವೆಲ್ಲವನ್ನೂ ಬಿಟ್ಟು, ಇನ್ನು ರಾಗವನ್ನಷ್ಟೇ ಹಾಡುತ್ತೇನೆಂದು ನಿರ್ಧರಿಸಿದರು. ಕಂಠ ಬದಲಾದದ್ದು ಒಂದು ಕಾರಣವೆಂದು ಎಲ್ಲರೂ ಹೇಳುತ್ತಾರೆ. ನನಗೆ ಮತ್ತೊಂದು ಕಾರಣವೂ ಕಾಣುತ್ತದೆ. ಅವರಂಥ ಹಿನ್ನೆಲೆಯಿಂದ ಬಂದ ಹೆಣ್ಣು ಠುಮರಿ ಹಾಡಿದರೆ ಸಮಾಜ 'ಗಾನೇವಾಲಿ' ಎನ್ನುತ್ತಿತ್ತು. ಖಯಾಲಿನ ಗಾಂಭೀರ್ಯ ಆ ಮಾತಿಗೆ ಒಡ್ಡಿದ ಗುರಾಣಿ. ಗಂಡಸು ಹಾಡಿದರೆ ಪಂಡಿತ, ಉಸ್ತಾದ ಆಗುತ್ತಾನೆ, ಕೇಸರಬಾಯಿ ಮೋಗೂಬಾಯಿಯಂಥವರು ಮಾತ್ರ ಕೊನೆಯವರೆಗೆ 'ಬಾಯಿ'ಯಾಗಿಯೇ ಉಳಿಯುತ್ತಾರೆ ಎಂದು ಅವರೇ ಒಮ್ಮೆ ನಗುತ್ತ ಚುಚ್ಚಿದ್ದುಂಟು. ಎಲೆ ಎತ್ತಲು ಹೇಳುವರೇನೋ ಎಂದು ಹೆದರಿದ್ದ ಹುಡುಗಿಗೆ ಆ ಗುರಾಣಿಯ ಬೆಲೆ ತಿಳಿದಿತ್ತು. ಅವರ ನಿರ್ಧಾರವನ್ನು ಪ್ರಶ್ನಿಸಲು ನಾನು ಯಾರು? ಆದರೆ ನಮ್ಮ ಪಡಸಾಲೆಯಲ್ಲಿ ಕುಳಿತು, ಆ ಮೊದಲಿನ ಹಾಡುಗಳನ್ನು 'ಹಗುರ' ಎಂದು ಬದಿಗೆ ತಳ್ಳಿದ ನಮಗೆ ಅಂಥ ಕಾರಣ ಯಾವುದಿತ್ತು? ನಾವು ತಳ್ಳಿದ್ದು ಸಮಾಜ ತಳ್ಳಿದ ದಾರಿಯಲ್ಲಿಯೇ. ಅದೇ ಮನೆಯಲ್ಲಿ ಬಾಲಗಂಧರ್ವರ ನಾಟ್ಯಗೀತೆಗಳನ್ನು ಯಾರೂ ಹಗುರ ಎನ್ನಲಿಲ್ಲ ಎಂಬುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಈ ಕಥೆ ಕೇಳಿ, "ಅಜ್ಜಾ, ಇದು ಎಲ್ಲಾ ಕಡೆ ಆಗೋದೇ" ಎಂದ. ಲಂಡನ್ನಿನಲ್ಲಿ 'ಕಿಂಕ್ಸ್' ಎಂಬ ರಾಕ್ ಮೇಳವೊಂದು 1960ರ ದಶಕದಿಂದ 1996ರವರೆಗೆ ಹಾಡಿತಂತೆ. ಅವರು 1968ರಲ್ಲಿ ಹಳ್ಳಿ, ಹಸುರು, ಹಳೆಯ ಪದ್ಧತಿಗಳ ಮೇಲೆ ಒಂದು ಮುದ್ರಿಕೆ ತಂದರೆ, ಹೆಚ್ಚು ಮಾರಾಟವಾದವುಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಸಿಗಲಿಲ್ಲ. ದಶಕಗಳ ಮೇಲೆ ಅಭಿಮಾನಿಗಳು ಮತ್ತೆ ಮತ್ತೆ ಕೇಳಿ, ಅವರ ಅತ್ಯುತ್ತಮ ಕೃತಿಗಳಲ್ಲಿ ಅದನ್ನು ಎಣಿಸತೊಡಗಿದರು. ಮೊಮ್ಮಗ ಎರಡು ಹಾಡು ಕೇಳಿಸಿದ. 'ರಾಕ್' ಎಂದರೆ ಬರೀ ಗದ್ದಲವೆಂದು ತಿಳಿದಿದ್ದ ನನಗೆ ಆಶ್ಚರ್ಯವಾಯಿತು. ಸೌಮ್ಯವಾದ, ನೆನಪುಗಳಲ್ಲಿ ತೋಯ್ದ ಹಾಡುಗಳು. ಅಲ್ಲಿಯ ಕೇಳುಗರು ಆ ಮೇಳದಿಂದ ಅಬ್ಬರ ನಿರೀಕ್ಷಿಸಿದ್ದರು, ನಾವು ಗಂಗೂಬಾಯಿಯವರಿಂದ ಮಂದ್ರ ನಿರೀಕ್ಷಿಸಿದ್ದೆವು. ಒಂದೇ ವ್ಯತ್ಯಾಸವೆಂದರೆ ಅವರ ಮುದ್ರಿಕೆಯ ಮೇಲೆ ಅವರದೇ ಹೆಸರಿತ್ತು.

ಎಲ್ಲ ಹಳೆಯ ಪ್ಲೇಟುಗಳೂ ಚಿನ್ನವೆಂದು ನಾನು ಹೇಳಹೊರಟಿಲ್ಲ. ಹುಡುಗ ತಂದ ನಕಲುಗಳಲ್ಲಿ ಎರಡು ಮೂರು ನಿಜವಾಗಿಯೂ ಸಪ್ಪೆಯಾಗಿವೆ. ಕಲಿತ ಪಾಠವನ್ನು ಒಪ್ಪಿಸಿದಂತಿವೆ. ಕೆಲವದರಲ್ಲಿ ಹೀರಾಬಾಯಿಯವರ ನೆರಳು ದಟ್ಟವಾಗಿದೆ. ಆ ಕಾಲದಲ್ಲಿ ಯಾವ ತರುಣ ಗಾಯಕಿಯ ಮೇಲೆ ಅದು ಬಿದ್ದಿರಲಿಲ್ಲ! ಆದರೆ ನಮ್ಮ ಸೂಜಿ ಪ್ಲೇಟಿನ ಚೀಜು ಹಾಗಲ್ಲ. ಅದನ್ನು ನಾನು ಈಗ ದಿನಕ್ಕೊಮ್ಮೆಯಾದರೂ ಕೇಳುತ್ತೇನೆ. ಮೂರು ನಿಮಿಷವಲ್ಲವೇ, ಸಂಧ್ಯಾವಂದನೆಗಿಂತ ಕಡಿಮೆ ಹೊತ್ತು.

ಮೂರನೆಯ ಸಂಜೆ ನನ್ನ ಅಕ್ಕನನ್ನೂ ಕರೆದಿದ್ದೆವು. ವಯಸ್ಸು ಎಂಬತ್ತಾರು, ಕಣ್ಣು ಮಂದ, ಕಿವಿ ಚುರುಕು. ಬಾಲ್ಯದಲ್ಲಿ ಗ್ರಾಮಫೋನಿಗೆ ಕೀಲಿ ಕೊಡುವ ಅಧಿಕಾರ ಅವಳದಾಗಿತ್ತು. ಏನು ಹಚ್ಚಿದ್ದೇವೆಂದು ಹೇಳಲಿಲ್ಲ. ಗೋಡೆಗೆ ಒರಗಿ ಕಣ್ಣುಮುಚ್ಚಿ ಕೇಳಿದಳು. ಸ್ಥಾಯಿ ಎರಡನೆಯ ಸಲ ಬರುವಷ್ಟರಲ್ಲಿ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯ, ಇದು ನಮ್ಮ ಸೂಜಿ ಪ್ಲೇಟಲ್ಲೇನೋ?" ಎಂದಳು. ಹೌದೆಂದೆ.

"ಇಷ್ಟು ಛಲೋ ಹಾಡಿದ್ದಳೇನೋ ಆಕಿ" ಎಂದು, ಆ ಕಡೀ ಬಾಜೂನೂ ಹಚ್ಚು ಎಂದಳು.